ಕಿಕ್ಕೇರಿಯ ಹಸಿರು ಚುಕ್ಕೆ

ಕಿಕ್ಕೇರಿಯ ಹಾಲು ಕೆಟ್ಟ ಕಥೆಯನ್ನು ನಮ್ಮ ಆಫೀಸಿನಲ್ಲಿ ಯಾರನ್ನು ಕೇಳಿದರೂ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: “ಕಂಪ್ಯೂಟ್ರು ಸುಳ್ಳು ಹೇಳ್ಬುಡ್ತು.” ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಹಿಡಿದು ಪಾಂಡವಪುರದ ನಮ್ಮ ಮನೆಯ ಹಿಂದಿನ ಓಣಿಯವರೆಗೆ ಈ ತೀರ್ಪು ಹಬ್ಬಿದೆ. ನಾನು ಇದನ್ನು ಒಪ್ಪುವುದಿಲ್ಲ. ಯಾವುದನ್ನೂ ಒಪ್ಪದಿರುವುದು ನನ್ನ ಹಳೆಯ ಚಾಳಿ ಎಂದು ನೀವು ಹೇಳಬಹುದು, ಅದನ್ನು ಬೇಕಾದರೆ ಒಪ್ಪುತ್ತೇನೆ. ಕಾಲೇಜಿನಲ್ಲಿದ್ದಾಗ ‘ವಿಜ್ಞಾನ ವರವೋ ಶಾಪವೋ’ ಎಂಬ ವಿಷಯದ ಮೇಲೆ ನಾಗಮಂಗಲದಲ್ಲಿ ವರವೆಂದು ವಾದಿಸಿ ಒಂದು ಷೀಲ್ಡು, ಹದಿನೈದು ದಿನ ಬಿಟ್ಟು ಕೆ.ಆರ್. ಪೇಟೆಯಲ್ಲಿ ಶಾಪವೆಂದು ವಾದಿಸಿ ಇನ್ನೊಂದು ಷೀಲ್ಡು ತಂದವನು ನಾನು. ಎರಡೂ ನಮ್ಮ ಮನೆಯ ಷೋಕೇಸಿನಲ್ಲಿ ಪಕ್ಕಪಕ್ಕದಲ್ಲೇ ಜಗಳವಿಲ್ಲದೆ ಕೂತಿವೆ. ಆದರೆ ಈ ಹಾಲಿನ ವಿಷಯದಲ್ಲಿ ನಾನು ತಕರಾರು ಎತ್ತುತ್ತಿರುವುದು ಚಟಕ್ಕಲ್ಲ. ಆ ಕಂಪ್ಯೂಟರನ್ನು ನೋಡಿಕೊಳ್ಳುವವನೇ ನಾನು. ಅವತ್ತು ಅದು ಹೇಳಿದ ಒಂದೊಂದು ಮಾತೂ ಸತ್ಯ. ಸತ್ಯವನ್ನೇ ಹೇಳಿ ಒಂದು ಟ್ಯಾಂಕರು ಹಾಲು ಕೆಡಿಸುವುದು ಹೇಗೆ ಎಂಬುದಷ್ಟೇ ಇಲ್ಲಿರುವ ಪ್ರಶ್ನೆ.

ನಮ್ಮದು ಹಾಲು ಕೊಂಡು, ತಣ್ಣಗೆ ಮಾಡಿ, ಪ್ಯಾಕೆಟ್ಟಿಗೆ ತುಂಬಿ ಮಾರುವ ಸಣ್ಣ ಸಂಸ್ಥೆ. ಹೆಡ್ಡಾಫೀಸು ಶ್ರೀರಂಗಪಟ್ಟಣದಲ್ಲಿ. ಹಾಲನ್ನು ತಣ್ಣಗಿಡುವ ಕೇಂದ್ರಗಳು ಮೂರು: ಪಾಂಡವಪುರ, ನಾಗಮಂಗಲ, ಮತ್ತು ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿ. ಈ ಮೂರನ್ನೂ ದಿನಕ್ಕೊಂದು ಸುತ್ತು ಹಾಕಿ ನೋಡಿ ಬರುವುದು ಜಬ್ಬಾರ್ ಸಾಬರ ಕೆಲಸ. ಹಳೆಯ ಮೋಟಾರ್ ಸೈಕಲ್ಲು, ಹೆಗಲಿಗೆ ಖಾಕಿ ಚೀಲ, ಚೀಲದಲ್ಲಿ ಫ್ಯೂಸು ತಂತಿ, ಸ್ಪ್ಯಾನರು, ಜನರೇಟರಿಗೆ ಹಾಕುವ ರಬ್ಬರು ಬೆಲ್ಟು. ಇಪ್ಪತ್ತು ವರ್ಷದಿಂದ ಹೀಗೆ ಸುತ್ತಿದವರು. ಕೇಂದ್ರಕ್ಕೆ ಹೋದವರೇ ಮೊದಲು ಟ್ಯಾಂಕಿನ ಹೊಟ್ಟೆಯ ಮೇಲೆ ಅಂಗೈ ಇಡುತ್ತಾರೆ, ಆಮೇಲೆ ಮುಚ್ಚಳ ತೆಗೆದು ಮೂಸುತ್ತಾರೆ, ಆಮೇಲೆ ಅಲ್ಲಿಯವರು ಕೊಟ್ಟ ಕಾಫಿ ಕುಡಿಯುತ್ತಾ ಅವರ ಮುಖ ನೋಡುತ್ತಾರೆ. ವರದಿ ಬರೆಯುವ ಅಭ್ಯಾಸ ಅವರಿಗಿಲ್ಲ. ಸಂಜೆ ಬಂದು ಮ್ಯಾನೇಜರ್ ರಾಮಣ್ಣನವರ ಬಾಗಿಲಲ್ಲಿ ನಿಂತು “ಎಲ್ಲಾ ಠೀಕ್ ಸಾರ್” ಅಂದರೆ ಅದೇ ವರದಿ. ನನ್ನಂಥ ಅನುಮಾನದ ಪ್ರಾಣಿಗೆ ಇಂಥ ವರದಿ ಕಂಡರೆ ಮೈ ಉರಿಯದೆ ಇರುತ್ತದೆಯೇ?

ಅಷ್ಟರಲ್ಲಿ ಕಂಪ್ಯೂಟರುಗಳು ಬಂದವು. ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಜಗತ್ತಿನ ಕಂಪ್ಯೂಟರುಗಳೆಲ್ಲ ತಲೆ ತಿರುಗಿ ಬೀಳುತ್ತವೆ ಎಂದು ಪತ್ರಿಕೆಗಳು ಬರೆಯುತ್ತಿದ್ದ ಹೊತ್ತಿನಲ್ಲೇ ನಮ್ಮ ಸಂಸ್ಥೆ ಅವನ್ನು ಕೊಂಡಿತು. ಬೀಳುವ ಮುಂಚೆ ಒಂದೆರಡು ವರ್ಷವಾದರೂ ದುಡಿಸಿಕೊಳ್ಳೋಣ ಎಂದುಕೊಂಡಿರಬೇಕು. ಮೂರು ಕೇಂದ್ರಗಳಲ್ಲೂ ಒಂದೊಂದು ಕಂಪ್ಯೂಟರು, ಜೊತೆಗೆ ಅದನ್ನು ಟೆಲಿಫೋನ್ ತಂತಿಯ ಮೂಲಕ ಹೆಡ್ಡಾಫೀಸಿಗೆ ಸೇರಿಸುವ ರೂಟರ್ ಎಂಬ ಒಂದು ಡಬ್ಬ. ಈ ಡಬ್ಬಗಳು ನೆಟ್ಟಗಿವೆಯೋ ಇಲ್ಲವೋ ಎಂದು ಕೂತಲ್ಲೇ ತಿಳಿಯಲು ಒಂದು ಪದ್ಧತಿಯಿದೆಯೆಂದೂ ಅದಕ್ಕೆ ಎಸ್‌ಎನ್‌ಎಂಪಿ ಎನ್ನುತ್ತಾರೆಂದೂ ಹೇಳಿಕೊಡಲು ಬೆಂಗಳೂರಿನಿಂದ ಟೈ ಕಟ್ಟಿದವರೊಬ್ಬರು ಬಂದರು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಗೋಡೆಯ ಮೇಲೆ ಚಿತ್ರ ಬಿಟ್ಟು ಬಿಟ್ಟು ವಿವರಿಸಿದರು. ಹೆಸರಿನ ಮೊದಲ ಅಕ್ಷರವೇ ‘ಸಿಂಪಲ್’ ಎಂಬುದರ ಗುರುತಂತೆ. ಆರು ಗಂಟೆ ವಿವರಿಸಬೇಕಾದದ್ದು ಸಿಂಪಲ್ ಹೇಗಾಗುತ್ತದೆ ಎಂದು ನಾನು ಎದ್ದು ಕೇಳಿದೆ. ಅವರು ನೀರು ಕುಡಿದರು.

ನಿಜ ಹೇಳಬೇಕೆಂದರೆ, ಆ ಪದ್ಧತಿ ನನಗೆ ಅರ್ಥವಾದದ್ದು ಮನೆಗೆ ಬಂದು ನಮ್ಮವ್ವನನ್ನು ನೋಡಿದ ಮೇಲೆ. ಅವ್ವ ದಿನಾ ಹಿತ್ತಲ ಬಾಗಿಲಲ್ಲಿ ನಿಂತು ಪಕ್ಕದ ಮನೆಯ ಕಮಲಮ್ಮನನ್ನು “ಊಟ ಆಯ್ತಾ ಕಮಲಾ?” ಎಂದು ಕೂಗುತ್ತಾಳೆ. ಕಮಲಮ್ಮ “ಊ ಕಣಕ್ಕಾ, ಆಯ್ತು” ಎನ್ನುತ್ತಾಳೆ. ಹೆಡ್ಡಾಫೀಸಿನ ಕಂಪ್ಯೂಟರು ಮಾಡುವುದೂ ಇಷ್ಟೇ. ಐದು ನಿಮಿಷಕ್ಕೊಮ್ಮೆ ಪ್ರತಿ ಡಬ್ಬವನ್ನೂ ‘ಇದ್ದೀಯಾ?’ ಎಂದು ಕೇಳುತ್ತದೆ. ‘ಇದ್ದೀನಿ’ ಎಂದರೆ ಪರದೆಯ ಮೇಲೆ ಆ ಊರಿನ ಮುಂದೆ ಹಸಿರು ಚುಕ್ಕೆ. ಉತ್ತರ ಬರದಿದ್ದರೆ ಕೆಂಪು ಚುಕ್ಕೆ. ಒಂದು ವ್ಯತ್ಯಾಸವಿದೆ. ಕಮಲಮ್ಮನ ಮನೆಯಲ್ಲಿ ಎಷ್ಟೋ ಸಲ ಒಲೆಯನ್ನೇ ಹಚ್ಚಿರುವುದಿಲ್ಲ, ಆದರೂ ಊಟ ಆಗಿರುತ್ತದೆ. ನಾನು ಒಮ್ಮೆ ಅವ್ವನಿಗೆ ಇದನ್ನು ಸಾಕ್ಷಿಸಮೇತ ತೋರಿಸಿ, ಸುಳ್ಳು ಉತ್ತರ ಬರುವ ಪ್ರಶ್ನೆಯನ್ನು ದಿನಾ ಯಾಕೆ ಕೇಳುತ್ತೀ ಎಂದು ವಾದಕ್ಕೆ ನಿಂತೆ. ಅವ್ವ ಸೊಪ್ಪು ಸೋಸುತ್ತಲೇ ಹೇಳಿದಳು: “ಕೇಳಾದು ಉಂಡ್ಳೋ ಇಲ್ವೋ ಅಂತ ತಿಳ್ಕಳಾಕಲ್ಲ ಕಣ್ಲಾ. ದನಿ ಎಂಗದೆ ಅಂತ ತಿಳ್ಕಳಾಕೆ.” ಇದು ವಿಷಯಾಂತರ ಎಂದು ತಳ್ಳಿಹಾಕಿದೆ.

ಡಬ್ಬಗಳು ಕೇಳಿದ್ದಕ್ಕೆ ಉತ್ತರ ಹೇಳುವುದಷ್ಟೇ ಅಲ್ಲ, ಕೇಳದೆಯೂ ಒಮ್ಮೊಮ್ಮೆ ತಾವಾಗಿಯೇ ಸುದ್ದಿ ಕಳಿಸುತ್ತವೆ. ಅದಕ್ಕೆ ಟ್ರ್ಯಾಪ್ ಎನ್ನುತ್ತಾರೆ. ‘ತಂತಿ ಕಡಿದಿದೆ’, ‘ಈಗ ತಾನೇ ಎದ್ದೆ’, ಹೀಗೆ. ಆದರೆ ಆ ಸುದ್ದಿ ಒಂದೇ ಒಂದು ಸಲ ಹೊರಡುತ್ತದೆ. ತಲುಪಿತೋ ಇಲ್ಲವೋ ಎಂದು ಕಳಿಸಿದ ಡಬ್ಬ ವಿಚಾರಿಸುವುದಿಲ್ಲ. ಟೈನವರು ಇದನ್ನು ಹೇಳಿದಾಗ ನಾನು ಮತ್ತೆ ಎದ್ದೆ. “ಸ್ವಾಮಿ, ದಾರಿ ಕಡಿದಿದೆ ಎಂಬ ಸುದ್ದಿ ಅದೇ ದಾರಿಯಲ್ಲಿ ತಾನೇ ಬರಬೇಕು?” ಅವರು ಮತ್ತೆ ನೀರು ಕುಡಿದರು. ಇನ್ನು ಡಬ್ಬವನ್ನು ಏನೇನು ಕೇಳಬಹುದು ಎನ್ನುವುದಕ್ಕೆ ಒಂದು ಪಟ್ಟಿಯಿದೆ. ಎಷ್ಟು ಹೊತ್ತಿನಿಂದ ಎಚ್ಚರವಾಗಿದ್ದೀ, ಎಷ್ಟು ಮಾತು ಬಂತು, ಎಷ್ಟು ಹೋಯಿತು. ಒಂದೊಂದು ಪ್ರಶ್ನೆಗೂ ಚುಕ್ಕೆ ಚುಕ್ಕೆ ಇಟ್ಟ ಉದ್ದನೆಯ ನಂಬರು, ಹತ್ತು ಸಲ ಪಾಲಾದ ಹೊಲದ ಸರ್ವೆ ನಂಬರಿನ ಹಾಗೆ. ಪಟ್ಟಿಯಲ್ಲಿಲ್ಲದ ಪ್ರಶ್ನೆಯನ್ನು ಕೇಳುವ ಹಾಗಿಲ್ಲ. ಕೇಳಿದರೂ ಡಬ್ಬಕ್ಕೆ ತಿಳಿಯುವುದಿಲ್ಲ. ನಾನು ಆ ಪಟ್ಟಿಯನ್ನು ಎರಡು ಸಲ ಓದಿದೆ. ಅದರಲ್ಲಿ ಹಾಲು ಎಂಬ ಶಬ್ದ ಎಲ್ಲೂ ಇರಲಿಲ್ಲ. ಇದನ್ನು ನಾನು ಅವತ್ತೇ ಗಮನಿಸಿದ್ದೆ ಎಂದು ಈಗ ಹೇಳಿಕೊಳ್ಳಬಹುದು. ಗಮನಿಸಿರಲಿಲ್ಲ.

ಚುಕ್ಕೆಗಳು ಬಂದ ಮೊದಲ ವಾರದಲ್ಲೇ ಮೂರೂ ಕೇಂದ್ರಗಳ ಗುಣ ಬಯಲಾಯಿತು. ನಾಗಮಂಗಲ ಯಾವಾಗಲೂ ಹಸಿರು. ಪಾಂಡವಪುರ ನಮ್ಮೂರಾದ್ದರಿಂದ ಹೆಚ್ಚು ಹೇಳುವುದಿಲ್ಲ, ಸುಮಾರಾಗಿ ಹಸಿರು. ಕಿಕ್ಕೇರಿ ಮಾತ್ರ ದಿನಕ್ಕೆ ಐದಾರು ಸಲ ಕೆಂಪಾಗುವುದು, ಮತ್ತೆ ಹಸಿರಾಗುವುದು, ಹಸಿರಾದಾಗಲೆಲ್ಲ ‘ಈಗ ತಾನೇ ಎದ್ದೆ’ ಎಂದು ಸುದ್ದಿ ಕಳಿಸುವುದು. ಹಗಲೆಲ್ಲ ಏಳುತ್ತಲೇ ಇರುವ ಈ ಡಬ್ಬವನ್ನು ಕಂಡು ರಾಮಣ್ಣನವರಿಗೆ ರೇಗಿತು. ಕಿಕ್ಕೇರಿ ಕೆಂಪಾದ ಕೂಡಲೇ ಫೋನೆತ್ತಿ, “ಏನ್ರೀ ಬೋರೇಗೌಡ್ರೇ, ನಾಗಮಂಗಲ ನೋಡಿ ಹೆಂಗಿದೆ, ನಿಮ್ಮದೊಂದೇ ಹಿಂಗ್ಯಾಕೆ?” ಎಂದು ವಿಚಾರಿಸತೊಡಗಿದರು. ಬೋರೇಗೌಡರು ಕಿಕ್ಕೇರಿ ಕೇಂದ್ರದ ಯಜಮಾನರು, ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥವರು. ತಮ್ಮ ಹೆಸರಿನ ಮುಂದೆ ಶ್ರೀರಂಗಪಟ್ಟಣದಲ್ಲಿ ಕೆಂಪು ದೀಪ ಉರಿಯುತ್ತದೆ, ಅದೂ ನಾಗಮಂಗಲದವರ ಎದುರು, ಎಂಬುದನ್ನು ಅವರಿಗೆ ನುಂಗಲಾಗಲಿಲ್ಲ. ಎರಡನೆಯ ವಾರ ಕಳೆಯುವಷ್ಟರಲ್ಲಿ ಕಿಕ್ಕೇರಿ ಹಸಿರಾಯಿತು. ಆಮೇಲೆ ಮೂರು ವಾರ ಒಂದು ಸಲವೂ ಕೆಂಪಾಗಲಿಲ್ಲ. ನಾಗಮಂಗಲವೇ ಒಮ್ಮೆ ಮಿಣುಕಿತು, ಕಿಕ್ಕೇರಿ ಮಿಣುಕಲಿಲ್ಲ. ನಾನು ಫೋನು ಮಾಡಿ, “ಗೌಡ್ರೇ, ಏನು ಮಾಯ ಮಾಡಿದ್ರಿ?” ಎಂದು ಅಭಿನಂದಿಸಿದೆ. “ನೀವ್ ಯೋಚ್ನೆ ಬುಡಿ ಕಂಪ್ಯೂಟ್ರಪ್ಪಾ. ಇನ್ಮ್ಯಾಕೆ ನಮ್ದು ಆರಾಕಿಲ್ಲ” ಎಂದರು. ದೇವರಿದ್ದಾನೆ ಎಂದರೂ ಪುರಾವೆ ಕೇಳುವ ನಾನು ಇದಕ್ಕೆ ಮಾತ್ರ ಪುರಾವೆ ಕೇಳಲಿಲ್ಲ. ನಮಗೆ ಅನುಕೂಲವಾದ ಸುದ್ದಿಯನ್ನು ಅನುಮಾನಿಸುವುದು ಹೇಗೆಂದು ಯಾವ ಚರ್ಚಾಸ್ಪರ್ಧೆಯಲ್ಲೂ ಕಲಿಸುವುದಿಲ್ಲ.

ತಿಂಗಳ ಮೀಟಿಂಗಿನಲ್ಲಿ ನಾನು ಎದ್ದು ನಿಂತೆ. ‘ಮಾನ್ಯ ಅಧ್ಯಕ್ಷರೇ’ ಎಂದು ಶುರುಮಾಡಿದ್ದನ್ನು ಕೇಳಿ ಯಾರೋ ಕೆಮ್ಮಿದರು. ಜಬ್ಬಾರ್ ಸಾಬರು ದಿನಕ್ಕೆ ಒಂದು ಸಲ ನೋಡಿ ಬರುತ್ತಾರೆ, ನನ್ನ ಯಂತ್ರ ದಿನಕ್ಕೆ ಇನ್ನೂರ ಎಂಬತ್ತೆಂಟು ಸಲ ನೋಡುತ್ತದೆ. ಸಾಬರಿಗೆ ಜ್ವರ ಬರಬಹುದು, ಯಂತ್ರಕ್ಕೆ ಬರುವುದಿಲ್ಲ. ಸಾಬರು ಕಾಫಿ ಕುಡಿಯುತ್ತಾರೆ, ಯಂತ್ರ ಕುಡಿಯುವುದಿಲ್ಲ. ಅಲ್ಲದೆ ಕೇಂದ್ರದಲ್ಲಿ ಏನಾದರೂ ಕೆಟ್ಟರೆ ಅಲ್ಲಿಯವರು ಬಸ್ ಕಂಡಕ್ಟರ ಕೈಯಲ್ಲಿ ಚೀಟಿ ಕಳಿಸುವುದು, ಸಾಬರು ಅದನ್ನು ನೋಡಿ ಓಡುವುದು, ಇದೆಲ್ಲ ಯಾವ ಕಾಲದ ಪದ್ಧತಿ? ಹೀಗೆ ಮೂರು ಕಡೆಯಿಂದ ಮುತ್ತಿಗೆ ಹಾಕಿದೆ. ರಾಮಣ್ಣನವರು ಸಾಬರ ಕಡೆ ತಿರುಗಿ, “ನೀವೇನಂತೀರಿ?” ಎಂದರು. ಸಾಬರು ಗಡ್ಡ ಕೆರೆದುಕೊಂಡು, “ಹುಡ್ಗ ಚೆಂದಾಗಿ ಮಾತಾಡ್ತಾನೆ ಸಾರ್” ಎಂದರು. ಆಮೇಲೆ ನನ್ನ ಕಡೆ ನೋಡಿ, “ಬೇಟಾ, ಒಂದೇ ಮಾತು. ನಿನ್ ಡಬ್ಬಕ್ಕೆ ಮೂಗೈತಾ?” ಎಂದು ಕೇಳಿದರು. ಮೂಗಿನ ಅಗತ್ಯವಿಲ್ಲವೆಂದು ನಾನು ಐದು ನಿಮಿಷ ಸಾಧಿಸಿದೆ. ಗೆದ್ದೆ. ಒಂದು ತಿಂಗಳು ಸಾಬರ ಸುತ್ತು ನಿಲ್ಲಿಸಿ ನೋಡುವುದು, ಸರಿಹೋದರೆ ಕಾಯಮ್ಮಾಗಿ ನಿಲ್ಲಿಸುವುದು, ಅಲ್ಲಿಯವರೆಗೆ ಅವರು ಗೇಟಿನಲ್ಲಿ ಕೂತು ಬಂದುಹೋಗುವ ಗಾಡಿಗಳ ನಂಬರು ಬರೆಯುವುದು ಎಂದು ತೀರ್ಮಾನವಾಯಿತು. ಸಾಬರು ಮೋಟಾರ್ ಸೈಕಲ್ಲಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದರು. ಅವರ ರಿಟೈರ್‌ಮೆಂಟಿಗೆ ಇನ್ನೆರಡು ವರ್ಷವಿತ್ತು. ಆ ಎರಡು ವರ್ಷವನ್ನೂ ಸ್ಟೂಲಿನ ಮೇಲೆ ಕಳೆಯುವ ಮನುಷ್ಯರಲ್ಲ ಅವರು ಎಂಬುದು ಅವರ ಬೆನ್ನು ನೋಡಿದರೇ ತಿಳಿಯುತ್ತಿತ್ತು. ನಾನು ಬೆನ್ನು ನೋಡಲಿಲ್ಲ, ಪರದೆ ನೋಡಿದೆ. ಮೂರೂ ಹಸಿರು.

ಸುತ್ತು ನಿಂತ ನಾಲ್ಕನೆಯ ದಿನ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾನು ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದೆ. ಕಿಕ್ಕೇರಿ ಕಡೆಯಿಂದ ಬಂದ ಬಸ್ಸು ನಿಧಾನ ಮಾಡಿತು, ಕಂಡಕ್ಟರು ಫುಟ್‌ಬೋರ್ಡಿನಿಂದಲೇ ಬಗ್ಗಿ, “ರೀ, ಆಲಿನ್ ಆಫೀಸ್ನೋರಲ್ವಾ? ಸಾಬ್ರಿಗೆ ಕೊಟ್ಬುಡಿ” ಎಂದು ನಾಲ್ಕು ಮಡಿಕೆಯ ಚೀಟಿಯೊಂದನ್ನು ನನ್ನ ಕೈಗಿಟ್ಟ. ಮೇಲೆ ‘ಜಬ್ಬಾರ್ ಸಾಬ್ರಿಗೆ’ ಎಂದಿತ್ತು. ನನಗೆ ನಗು ಬಂತು. ನಾನು ಅಷ್ಟು ಚೆನ್ನಾಗಿ ಖಂಡಿಸಿದ್ದ ಪದ್ಧತಿ ಇನ್ನೂ ಉಸಿರಾಡುತ್ತಿದೆಯಲ್ಲ! ಗೇಟು ಅಲ್ಲಿಂದ ಮೂವತ್ತು ಹೆಜ್ಜೆ. ಸಂಜೆ ಹೋಗುವಾಗ ಕೊಟ್ಟರಾಯಿತೆಂದು ಜೇಬಿಗೆ ಹಾಕಿಕೊಂಡೆ. ಒಳಗೆ ಬಂದರೆ ರಾಮಣ್ಣನವರು, “ಇವತ್ತಿಂದ ಗಂಟೆಗೊಂದ್ಸಲ ಚುಕ್ಕೆ ನೋಡಿ ಬರೆದಿಡಪ್ಪ, ಡೈರೆಕ್ಟರುಗಳಿಗೆ ತೋರಿಸ್ಬೇಕು” ಎಂದರು. ಕೈಗೆ ಕಾಗದ ಸಿಗಲಿಲ್ಲ. ಚೀಟಿ ಸಿಕ್ಕಿತು. ಇನ್ನೊಬ್ಬರ ಕಾಗದ ಓದಬಾರದು ಎಂಬ ಸಂಸ್ಕಾರ ನನಗಿದೆ. ಇನ್ನೊಬ್ಬರ ಕಾಗದದ ಬೆನ್ನ ಮೇಲೆ ಬರೆಯಬಾರದು ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಬಿಡಿಸದೆ, ಮಡಿಕೆಯ ಖಾಲಿ ಬದಿಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆಯತೊಡಗಿದೆ: ‘ಹನ್ನೊಂದೂವರೆ, ಕಿಕ್ಕೇರಿ ಹಸಿರು. ಹನ್ನೆರಡೂವರೆ, ಕಿಕ್ಕೇರಿ ಹಸಿರು.’ ಬೇಸಿಗೆಯ ಬಿಸಿಲು ಕಾಯುತ್ತಿತ್ತು. ‘ಒಂದೂವರೆ, ಹಸಿರು.’ ಮೂರೂವರೆಯ ಹೊತ್ತಿಗೆ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದು, ಎಲ್ಲವನ್ನೂ ಒಳ್ಳೆಯ ಹಾಳೆಗೆ ನಕಲು ಮಾಡಿ ರಾಮಣ್ಣನವರಿಗೆ ಕೊಟ್ಟೆ.

ನಾಲ್ಕೂವರೆಗೆ ಗೇಟಿನ ಹತ್ತಿರ ಹೋಗಿ ಚೀಟಿಯನ್ನು ಸಾಬರಿಗೆ ಕೊಟ್ಟೆ. “ನಿಮ್ಮ ಟಪಾಲು ಬಂದಿದೆ ಸಾಬ್ರೇ” ಎಂದು ಸ್ವಲ್ಪ ಕುಟುಕಿಯೇ ಕೊಟ್ಟೆ. ಅವರು ಕನ್ನಡಕಕ್ಕಾಗಿ ಜೇಬು ತಡಕುತ್ತಿದ್ದರು. ನಾನು ಟೀ ಅಂಗಡಿಗೆ ನಡೆದೆ. ತಿರುಗಿ ಬರುವಷ್ಟರಲ್ಲಿ ಕಿಕ್ಕೇರಿಯ ಟ್ಯಾಂಕರು ಅಂಗಳದಲ್ಲಿ ನಿಂತಿತ್ತು. ಅದರ ಸುತ್ತ ಜನ ಮೂಗು ಮುಚ್ಚಿಕೊಂಡು ನಿಂತಿದ್ದರು. ಸಾಬರು ಮಾತ್ರ ಮೂಗು ಮುಚ್ಚಿರಲಿಲ್ಲ, ಅಂಗೈಯನ್ನು ಟ್ಯಾಂಕರಿನ ಹೊಟ್ಟೆಯ ಮೇಲಿಟ್ಟಿದ್ದರು. ಒಂದು ಹನಿಯೂ ಪ್ಯಾಕೆಟ್ಟಿಗೆ ಬರುವಂತಿರಲಿಲ್ಲ. ನಾನು ಓಡಿಹೋಗಿ ಪರದೆ ನೋಡಿದೆ. ಕಿಕ್ಕೇರಿ ಎಳೆ ಗರಿಕೆಯ ಹಾಗೆ ಹಸಿರಾಗಿತ್ತು.

ಮರುದಿನ ಬೆಳಿಗ್ಗೆ ವಿಚಾರಣೆ. ರಾಮಣ್ಣನವರ ಕೋಣೆಯಲ್ಲಿ ಬೋರೇಗೌಡರು, ನಾನು, ಬಾಗಿಲ ಬಳಿ ಸಾಬರು. ಗೌಡರು ಟವಲನ್ನು ಹೆಗಲಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ಹೇಳಿದರು: “ಬೆಳಿಗ್ಗೇನೆ ಕರೆಂಟೋಯ್ತು ಸಾ. ಜನರೇಟ್ರು ಆಕುದ್ವು, ಬೆಲ್ಟು ಕಿತ್ತೋಯ್ತು. ಆಲು ಬೆಚ್ಗಾಯ್ತಾ ಬಂತು.”

“ಹಾಗಾದರೆ ನಿಮ್ಮ ಡಬ್ಬ ಹೇಗೆ ಹಸಿರಿತ್ತು?” ನಾನು ಪಾಟೀಸವಾಲಿಗೆ ಇಳಿದೆ.

ಗೌಡರು ಹೆಮ್ಮೆಯಿಂದ ನನ್ನನ್ನು ನೋಡಿದರು. “ಅದಾ? ಅದುನ್ನ ಆಲ್ ತಣ್ಗ್ ಮಾಡೋ ಮಿಷನ್ ಲೈನಿಂದ ತಪ್ಸಿ, ಟ್ರಾಕ್ಟರು ಬ್ಯಾಟ್ರಿ ಮಡಗಿ, ಇನ್‌ವರ್ಟ್ರು ಕೊಟ್ಟಿವ್ನಿ. ಮದ್ಲು ಮಿಷನ್ನು ಎಡವ್ದಾಗೆಲ್ಲ ಅದೂ ಆರೋಗದು. ನಾಗಮಂಗ್ಲದೋರ್ ಮುಂದೆ ನಮ್ದೊಂದೇ ಕೆಂಪ್ಗಿದ್ರೆ ಮರ್ವಾದೆ ಉಳ್ದದಾ ಸಾ? ಈಗ ಊರೇ ಮುಳ್ಗೋದ್ರೂ ಅದು ಆರಾಕಿಲ್ಲ.”

ನನಗೆ ಆಗ ತಿಳಿಯಿತು. ಮೊದಲು ದಿನಕ್ಕೆ ಐದಾರು ಸಲ ಕೆಂಪಾಗುತ್ತಿದ್ದ ಆ ಚುಕ್ಕೆಯೇ ಹಾಲಿನ ವಿಷಯದಲ್ಲಿ ನಮಗಿದ್ದ ಒಂದೇ ಒಂದು ಪ್ರಾಮಾಣಿಕ ಸುದ್ದಿ. ಅದನ್ನು ಬೈದು ಬೈದು ನಾವೇ ರಿಪೇರಿ ಮಾಡಿಸಿದ್ದೆವು. ಯಂತ್ರ ‘ಇದ್ದೀಯಾ’ ಎಂದು ಕೇಳಿತು, ಡಬ್ಬ ‘ಇದ್ದೀನಿ’ ಎಂದಿತು. ಇದರಲ್ಲಿ ಸುಳ್ಳೆಲ್ಲಿದೆ ಹೇಳಿ?

“ಹೋಗ್ಲಿ, ಒಂದು ಫೋನ್ ಮಾಡೋಕೇನಾಗಿತ್ರೀ ನಿಮಗೆ?” ರಾಮಣ್ಣನವರ ದನಿ ಏರಿತು.

“ಫೋನ್ ಮಾಡುದ್ರೆ ನೀವೇ ಎತ್ತೀರಿ ಸಾ” ಎಂದರು ಗೌಡರು, ಅದಕ್ಕಿಂತ ದೊಡ್ಡ ಕಾರಣ ಬೇಕೇ ಎಂಬಂತೆ. “ಅದ್ಕೇ ಸಾಬ್ರಿಗೆ ಚೀಟಿ ಕಳುಸ್ದೆ. ಒಂಬತ್ ಗಂಟೆ ಬಸ್ಗೇ ಕಳುಸ್ದೆ. ಬೆಲ್ಟು ತಕಂಡು ಬಂದ್ಬುಡ್ತಾರೆ, ಯಾರ್ಗೂ ತಿಳ್ಯಾಕಿಲ್ಲ ಅಂತ.”

ವಾದ ಮಾಡುವವನಿಗೆ ಒಂದು ಲಾಭವಿದೆ, ಎದುರಾಳಿ ಏನು ಹೇಳಲಿದ್ದಾನೆಂಬುದು ಮುಂಚೆಯೇ ಹೊಳೆಯುತ್ತದೆ. ಈಗ ನನಗೆ ಹೊಳೆಯಿತು. ಬಾಗಿಲಲ್ಲಿ ನಿಂತಿರುವ ಮನುಷ್ಯ ಒಂದೇ ಒಂದು ಮಾತು ಆಡಿದರೆ, ಅವರ ಸುತ್ತು ಅವರಿಗೆ ಸಿಗುತ್ತದೆ, ನನ್ನ ಲೆಕ್ಕ ಚುಕ್ತಾ ಆಗುತ್ತದೆ.

ರಾಮಣ್ಣನವರು ತಿರುಗಿದರು. “ಜಬ್ಬಾರ್, ಚೀಟಿ ಬಂತಾ?”

“ಬಂತು ಸಾರ್.”

“ಯಾವಾಗ?”

“ಸಂಜೆ ಸಾರ್. ನಾಲ್ಕೂವರೆ ಮ್ಯಾಲೆ.”

“ಆ ಬಸ್ಸು ಹನ್ನೊಂದಕ್ಕೇ ಬರುತ್ತಲ್ರೀ!”

ಸಾಬರು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದರು, ಆಮೇಲೆ ಗೌಡರ ಟವಲನ್ನು ನೋಡಿದರು. ನನ್ನನ್ನು ನೋಡಲಿಲ್ಲ. “ಬಸ್ ಬರೋ ಟೇಮ್ಗೆ ನಾನು ರಸ್ತೇಲಿ ಇರ್ತಿದ್ದೆ ಸಾರ್, ಕಂಡಕ್ಟ್ರು ಕೈಗೇ ಕೊಡ್ತಿದ್ದ. ಈಗ ಗೇಟಲ್ಲಿ ಕೂರ್ಸಿದೀರಿ. ಕೂತೋನ್ಗೆ ಸುದ್ದಿ ಕೂತ್ಕಂಡೇ ಬರ್ತದೆ.”

ಮೂರು ವರ್ಷ ಚರ್ಚಾಸ್ಪರ್ಧೆ ಮಾಡಿದ ನಾನು ಹೇಳುತ್ತೇನೆ, ಅಂಥ ವಾದವನ್ನು ನಾನು ಕೇಳಿಲ್ಲ. ಒಂದು ಸುಳ್ಳಿಲ್ಲ, ಒಬ್ಬರ ಹೆಸರಿಲ್ಲ, ಎದುರಾಳಿಯ ಮೇಲೆ ಒಂದು ಗೀರಿಲ್ಲ. ರಾಮಣ್ಣನವರು ಸ್ವಲ್ಪ ಹೊತ್ತು ಪೆನ್ನಿನಿಂದ ಮೇಜು ಬಡಿದರು. ಆಮೇಲೆ ಡ್ರಾಯರು ಎಳೆದು ಮೋಟಾರ್ ಸೈಕಲ್ಲಿನ ಬೀಗದ ಕೈಯನ್ನು ತೆಗೆದು ಮುಂದೆ ತಳ್ಳಿದರು. “ತಗೊಳ್ಳಿ. ನಾಳೆಯಿಂದ ಹೊರಡಿ. ಈ ಕಂಪ್ಯೂಟ್ರು ಸುಳ್ಳು ಹೇಳುತ್ತೆ.” ಆಫೀಸು ಇವತ್ತಿಗೂ ಹೇಳುವ ಕಥೆ ಹುಟ್ಟಿದ್ದು ಆ ಕ್ಷಣದಲ್ಲಿ. ಅದನ್ನು ಅಲ್ಲೇ ಖಂಡಿಸಬೇಕಿತ್ತು. ಮೂರು ಅಂಶಗಳು ನಾಲಗೆಯ ತುದಿಗೆ ಬಂದಿದ್ದವು. ಆದರೆ ಕಂಪ್ಯೂಟರು ಸುಳ್ಳು ಹೇಳಲಿಲ್ಲ ಎಂದು ಸಾಧಿಸಿದರೆ ಮುಂದಿನ ಪ್ರಶ್ನೆ ಯಾವುದು ಬರುತ್ತದೆಂದು ನನಗೆ ಗೊತ್ತಿತ್ತು. ನನ್ನ ಜೀವನದಲ್ಲಿ ಮೊದಲ ಸಲ ಮಾತಾಡುವ ಅವಕಾಶವಿದ್ದಾಗ ಸುಮ್ಮನೆ ಕೂತೆ. ಬೋರೇಗೌಡರು ಎದ್ದು ಹೋಗುವಾಗ ನನ್ನ ಭುಜ ತಟ್ಟಿ, “ಬುಡಪ್ಪಾ, ಕಂಪ್ಯೂಟ್ರು ಮಾಡಿದ್ಕೆ ನೀನೇನ್ ಮಾಡೀಯೆ” ಎಂದು ಸಮಾಧಾನ ಹೇಳಿದರು.

ಸಾಬರು ಮತ್ತೆ ಸುತ್ತು ಹೊರಟು ಈಗ ಮೂರು ತಿಂಗಳಾಯಿತು. ಅವರು ಆ ಚೀಟಿಯ ವಿಷಯ ಎತ್ತಿಲ್ಲ. ಎತ್ತಿದ್ದರೆ ಎಷ್ಟೋ ಚೆನ್ನಾಗಿತ್ತು, ಉತ್ತರ ಕೊಟ್ಟು ಮುಗಿಸುತ್ತಿದ್ದೆ. ಹಾಗೆ ನೋಡಿದರೆ ಚೀಟಿ ಹನ್ನೊಂದರಿಂದಲೇ ನನ್ನ ಹತ್ತಿರ ಇತ್ತೆಂಬುದು ಅವರಿಗೆ ತಿಳಿಯದೆಯೂ ಇರಬಹುದು. ಕನ್ನಡಕ ಸಿಗದೆ, ಹಿಂದೆ ನಾನು ಬರೆದ ಗಂಟೆಗಳನ್ನು ನೋಡದೆ, ಚೀಟಿಯ ಒಂದೇ ಬದಿ ಓದಿರಬಹುದು. ಟ್ಯಾಂಕರಿನ ಗಲಾಟೆಯಲ್ಲಿ ಎಲ್ಲೋ ಬಿದ್ದುಹೋಗಿರಬಹುದು. ಅಥವಾ ಎರಡೂ ಬದಿ ಓದಿ, ಮಡಚಿ, ಜೋಪಾನವಾಗಿ ಇಟ್ಟುಕೊಂಡಿರಬಹುದು. ಮೂರು ಪಕ್ಷಗಳಿಗೂ ಸಮಾನವಾಗಿ ವಾದಿಸಬಲ್ಲೆ, ಯಾವುದನ್ನೂ ನಂಬಲಾರೆ. ಅವರು ಖಾಕಿ ಚೀಲಕ್ಕೆ ಕೈ ಹಾಕಿದಾಗಲೆಲ್ಲ ನನ್ನ ಕಣ್ಣು ಅಲ್ಲಿಗೆ ಹೋಗುತ್ತದೆ, ಐದು ನಿಮಿಷಕ್ಕೊಮ್ಮೆ ಪರದೆ ನೋಡುವುದು ಹೋಗಿ ಸಾಬರ ಜೇಬು ನೋಡುವುದಾಗಿದೆ. ಅವರು ಮಾತ್ರ ಬೆಳಿಗ್ಗೆ ಹೊರಡುವ ಮುಂಚೆ ನನ್ನ ಮೇಜಿನ ಹತ್ತಿರ ಬಂದು, “ಏನ್ ಬೇಟಾ, ಎಲ್ಲಾ ಠೀಕಾ?” ಎಂದು ಕೇಳಿ ಒಂದು ಗಳಿಗೆ ನನ್ನ ಮುಖ ನೋಡುತ್ತಾರೆ. “ಠೀಕ್ ಸಾಬ್ರೇ” ಎನ್ನುತ್ತೇನೆ.

ಇವತ್ತು ಬೆಳಿಗ್ಗೆ ತಡೆಯಲಾಗಲಿಲ್ಲ. ಅವರು ಚೀಲ ಹೆಗಲಿಗೇರಿಸಿ ಮೋಟಾರ್ ಸೈಕಲ್ಲಿಗೆ ಒದೆ ಕೊಡುತ್ತಿದ್ದಾಗ ಗೇಟಿನವರೆಗೆ ಓಡಿಹೋದೆ. ಯಾರೂ ಕೇಳದ ಸುದ್ದಿಯನ್ನು ನಾನೇ ಕಳಿಸುತ್ತಿದ್ದೇನೆಂಬುದು ಹೊಳೆಯುವ ಮುಂಚೆಯೇ ಎಂಜಿನ್ನಿನ ಸದ್ದನ್ನು ಮೀರಿಸಿ ಕೂಗಿದೆ:

“ಸಾಬ್ರೇ, ಅವತ್ತಿನ ಚೀಟಿಯ ಹಿಂದುಗಡೆ ನೋಡಿದ್ರಾ?”